ಗೇಟಿಗೆ ಕಟ್ಟಿದ ಕಬ್ಬಿಣದ ಗುಂಡು

ಮೊನ್ನೆ ಬಿ.ಜಿ. ಕೆರೆಯಲ್ಲಿ ಒಂದು ಸಾವಿನ ಮನೆಗೆ ಮಾತಾಡಿಸಲು ಹೋದಾಗ, ಗೇಟು ತಳ್ಳಿದ ಕೈಗೆ ತುಕ್ಕಿನ ವಾಸನೆ ಮೆತ್ತಿಕೊಂಡಿತು. ಗೇಟು ತಾನಾಗೇ ಮುಚ್ಚಿಕೊಳ್ಳಲಿ ಎಂದು ಅದಕ್ಕೆ ತಂತಿಯಲ್ಲಿ ಕಬ್ಬಿಣದ ಗುಂಡೊಂದನ್ನು ತೂಗುಬಿಟ್ಟಿದ್ದರು. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮೂರಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ಆಟದ ಪಂದ್ಯದಲ್ಲಿ ಎಸೆಯುತ್ತಿದ್ದ ಹ್ಯಾಮರ್ ಅದು. ತೀರಿಕೊಂಡಿದ್ದವಳೂ ಅವಳೇ.

ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಅಂಚಿನ ನಮ್ಮೂರಲ್ಲಿ ಅವಳಪ್ಪನದು ಕುರಿ ಮಂದೆ. ಸಜ್ಜೆ ತೆನೆಗೆ ಬೀಳುವ ಗಿಳಿಗಳನ್ನು ಅವಳು ಕವಣೆ ಬೀಸಿ ಓಡಿಸುತ್ತಿದ್ದಳು. ಆ ಬೀಸು ನೋಡಿದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಅವಳ ಕೈಗೆ ಹ್ಯಾಮರ್ ಕೊಟ್ಟರು. ಹಿಡಿಕೆ ಹಿಡಿದು ಗಿರಗಿರನೆ ಸುತ್ತಿ ಬಿಟ್ಟರೆ, ಕಾವಲಿನ ಹುಲ್ಲಿನಲ್ಲಿ ಎಲ್ಲೋ ದೂರದಲ್ಲಿ ಧಡ್ ಎನ್ನುತ್ತಿತ್ತು... ಕಟ್ಟೆ ಮೇಲಿನ ಪಡ್ಡೆಗಳು "ಗಂಡುಬೀರಿ" ಎಂದು ಹಲ್ಲು ಕಿಸಿಯುತ್ತಿದ್ದರು. ಅವಳು ಮಾತ್ರ ಪೇಪರಿನಲ್ಲಿ ಬಂದಿದ್ದ ಪೋಲೆಂಡಿನ ಹ್ಯಾಮರ್ ಆಟಗಾರ್ತಿಯ ಚಿತ್ರ ಕತ್ತರಿಸಿ, ದೇವರ ಗೂಡಿನ ಪಕ್ಕ ಅಂಟಿಸಿಕೊಂಡಿದ್ದಳು.

"ನೋಡೇ, ಇವಳ ತೋಳು ನನ್ನವಕ್ಕಿಂತ ದಪ್ಪ ಅವೆ. ಅಲ್ಲಿ ಇಂಥ ತೋಳಿಗೆ ಚಪ್ಪಾಳೆ ಹೊಡೀತಾರಂತೆ," ಎನ್ನುತ್ತಿದ್ದಳು.

ರಾಜ್ಯಮಟ್ಟದಲ್ಲಿ ಗೆದ್ದು ಬಂದಾಗ ನಮ್ಮೂರ ಯಜಮಾನರಿಗೆ ದಿಢೀರನೆ ಅಭಿಮಾನ ಉಕ್ಕಿತು. ಮೈಕು ಹಾಕಿಸಿ, ಮೊಳಕಾಲ್ಮೂರು ಸೀರೆ ಕೊಟ್ಟು, "ನಮ್ಮೂರ ಮಗಳು" ಎಂದು ಭಾಷಣ ಬಿಗಿದರು. ಬಾಯಲ್ಲಿ ಬೆಲ್ಲ, ಕರುಳು ಕತ್ತರಿ. ಬಿ.ಜಿ. ಕೆರೆಯಲ್ಲಿದ್ದ ಅವರ ಹೆಂಡತಿಯ ತಮ್ಮನಿಗೆ ಎಲ್ಲೂ ಹೆಣ್ಣು ಸಿಕ್ಕಿರಲಿಲ್ಲ. ಅಕ್ಕ ರಾಷ್ಟ್ರಮಟ್ಟದ ಪಂದ್ಯಕ್ಕೆ ಹೋಗಿ ಗೆದ್ದಳೆಂದರೆ ಮತ್ತೆ ಕೈಗೆ ಸಿಗುವುದಿಲ್ಲ ಎಂಬ ಲೆಕ್ಕ ಅವರಿಗಿತ್ತು. ಅವಳು ಹೊರಡುವ ಹಿಂದಿನ ದಿನವೇ ಆ ತಮ್ಮನಿಗೆ ಅವಳನ್ನು ಗೊತ್ತುಮಾಡಿ ವೀಳ್ಯಶಾಸ್ತ್ರ ಇಡಿಸಿದರು. ವೀಳ್ಯ ಆದ ಹೆಣ್ಣು ಧಾರೆಯಾಗುವ ತನಕ ಊರ ಗಡಿ ದಾಟಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಅವಳಪ್ಪನ ಕುರಿ ಮೇಯುತ್ತಿದ್ದುದು ಯಜಮಾನರ ಹೊಲದಲ್ಲೇ. ಅವನು ಕೈಯೊಡ್ಡಿ ವೀಳ್ಯ ತೆಗೆದುಕೊಂಡ.

"ಬ್ಯಾಡ ಅಂದೋರು ಯಾರಮ್ಮ? ಮದುವೆ ಆದ್ಮೇಲೆ ಎಷ್ಟಾರ ಎಸಿ," ಎಂದು ಯಜಮಾನರು ಎಲೆಅಡಿಕೆ ಜಗಿಯುತ್ತಾ ನಕ್ಕರು. ಆ ಕೆಂಪು ಹಲ್ಲು ಈಗಲೂ ನನ್ನ ಕಣ್ಣ ಮುಂದಿದೆ.

ಅವತ್ತು ಸಂಜೆ, ಅದೇ ಸನ್ಮಾನದ ಸೀರೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಊರ ಗಡಿಕಲ್ಲಿನ ತನಕ ನಡೆದಳು. ಅವಳಪ್ಪ ಮತ್ತು ನಾನು ಹಿಂದೆಯೇ ಹೋದೆವು. ಕಲ್ಲಿನ ಈಚೆ ನಿಂತು ಹ್ಯಾಮರ್ ಸುತ್ತಿ ಬಿಟ್ಟಳು. ಅಷ್ಟು ದೂರ ಅವಳು ಎಸೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಾನು ದಾಟಬಾರ್ದಂತೆ. ಅದು ದಾಟ್ತು ನೋಡು," ಎಂದಳು. ಅಳಲಿಲ್ಲ.

ಅವಳಪ್ಪನೇ ಗಡಿಯಾಚೆ ಹೋಗಿ, ಮುಳ್ಳಿನಲ್ಲಿ ಹುಡುಕಿ ಗುಂಡು ಹೊತ್ತು ತಂದ. ಮದುವೆಯ ದಿನ ಅವಳ ಟ್ರಂಕಿನಲ್ಲಿ, ಬಟ್ಟೆಗಳ ಕೆಳಗೆ ಇಟ್ಟು ಕಳಿಸಿದ. ಆಮೇಲೆ ಅವಳು ಎಸೆದದ್ದು ತಿಪ್ಪೆಗೆ ಸಗಣಿ, ಅಷ್ಟೇ...

ಈಗ ಆ ಗೇಟಿನ ಪಕ್ಕ ಫ್ಲೆಕ್ಸ್ ನಿಂತಿದೆ. "ಕ್ರೀಡಾರತ್ನಕ್ಕೆ ಭಾವಪೂರ್ಣ ಶ್ರದ್ಧಾಂಜಲಿ". ಮೂಲೆಯಲ್ಲಿ ಅಂಗೈಯಗಲ ಅವಳ ಮುಖ. ನಡುವೆ ಆಳೆತ್ತರಕ್ಕೆ, ಕೈಮುಗಿದು ನಿಂತ ಅದೇ ಯಜಮಾನರು. ಥೂ! ಇಂಥವರ ಕೈಯಿಂದ ಶ್ರದ್ಧಾಂಜಲಿ ಪಡೆಯುವುದಕ್ಕಿಂತ ಹೆಸರಿಲ್ಲದೆ ಸಾಯುವುದು ವಾಸಿ.

ಒಳಗೆ ಅವಳ ಗಂಡ ಬಂದವರಿಗೆಲ್ಲ ಪದಕ ತೋರಿಸುತ್ತಿದ್ದ. "ನಮ್ಮನೆಯೋಳು ಸ್ಟೇಟ್ ಪ್ಲೇಯರ್ರು!" ನಾನು ಕಾಫಿ ಲೋಟ ಪಕ್ಕಕ್ಕಿಟ್ಟೆ.

"ಆ ಗುಂಡು ನನಗೆ ಕೊಡ್ತೀರಾ?" ಎಂದು ಕೇಳಿದೆ.

ಅವನು ಪದಕ ಒರೆಸುತ್ತಾ ಗೇಟಿನ ಕಡೆ ನೋಡಿದ. "ಅದೊಂದು ಬ್ಯಾಡ ಕಣಮ್ಮ. ಆಮ್ಯಾಲೆ ಗೇಟು ಮುಚ್ಚಲ್ಲ."

ಎದ್ದು ಹೊರಗೆ ಬಂದೆ. ಅಕ್ಕ ಇಲ್ಲ, ಇನ್ನು ಆ ಊರಲ್ಲಿ ನನಗೇನೂ ಕೆಲಸವಿಲ್ಲ. ಒಂದು ಸಂಜೆ ಊರ ಗಡಿ ದಾಟಿದ್ದ ಗುಂಡು ನನ್ನ ಬೆನ್ನ ಹಿಂದೆ ಗೇಟು ಎಳೆದು ಮುಚ್ಚಿತು.