ಪೂಜೆಗಿಟ್ಟ ಪಾಸ್‌ವರ್ಡ್

"ಇದು ಆಗೂ ಮಾತಲ್ಲ" ಎಂದವನು ನನ್ನ ಸೋದರಮಾವ. ತಾವರಗೇರಾದ ನಮ್ಮ ಕಟ್ಟೆಯ ಮೇಲೆ ಕುಳಿತು, ಅಪ್ಪನಿಗೆ ಕೇಳಲೆಂದೇ ಹೇಳಿದ್ದ: "ಡಿಗ್ರಿ ಆತು, ಇನ್ನ ಕಂಪ್ಯೂಟರಂತ! ಆರು ತಿಂಗಳ ಟ್ರೇನಿಂಗ್‌ನ್ಯಾಗ ಆರು ದಿನ ನಿಲ್ಲಂಗಿಲ್ಲ ಅಕಿ."

ಎಂಬತ್ತರ ದಶಕದ ಕೊನೆ. ಗಂಗಾವತಿಯ ಕಾಲುವೆ ಕಚೇರಿಯೊಂದಕ್ಕೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಒಳಕೋಣೆಯ ದೊಡ್ಡ ಯಂತ್ರದಿಂದ ಹೊರಟ ವೈರು ಮೂರು ಮೇಜಿನ ಪರದೆಗಳಿಗೆ ಹೋಗುತ್ತಿತ್ತು. ಯಾವ ಊರಿಗೆ ಯಾವಾಗ ನೀರು ಎಂಬ ಸರದಿ ಅದರಲ್ಲಿತ್ತು. ಪಾಸ್‌ವರ್ಡ್ ತಿಳಿದವರು ಯಾವ ಮೇಜಿನಿಂದಲಾದರೂ ಸರದಿ ತಿದ್ದಬಹುದಿತ್ತು. ಮೂರೂ ಪಾಸ್‌ವರ್ಡ್ ಬರೆದ ಒಂದೇ ಚೀಟಿ ಲಕೋಟೆಯಲ್ಲಿ, ಲಕೋಟೆ ಬೀರುವಿನಲ್ಲಿ. ಬೀರುವಿನ ಹೊಣೆ ಅಲ್ಲಿ ಟ್ರೇನಿಂಗಿಗೆ ಸೇರಿದ್ದ ನನ್ನದು.

ಮಹಾನವಮಿಗೆ ರಜೆಯೆಂದು ಮುನ್ನಾದಿನವೇ ಕಚೇರಿಯ ಪಡಸಾಲೆಯಲ್ಲಿ ಆಯುಧ ಪೂಜೆ. ಹಿರಿಯ ಜವಾನರೊಬ್ಬರು ಬೀಗ, ಕೀಲಿಕೈ, ಮುದ್ರೆಗಳನ್ನು ಜೋಡಿಸಿ, "ನಿಮ್ಮ ಯಂತ್ರದ ಕೀಲಿ ಎಲ್ಲೈತ್ರಿ, ಅಕ್ಕಾರ?" ಎಂದರು. ಹಮ್ಮಿನಿಂದಲೇ ಲಕೋಟೆ ತಂದಿಟ್ಟೆ.

"ಮುಚ್ಚಿಟ್ರ ಪೂಜಿ ಹೆಂಗ ಮುಟ್ಟತೈತ್ರಿ?"

ಎಲ್ಲರೂ ನಕ್ಕರು. ಚೀಟಿ ತೆಗೆದು ಬಿಚ್ಚಿಟ್ಟೆ. ಅದರ ಮೇಲೂ ಕುಂಕುಮ ಬಿತ್ತು. ಪೂಜೆಗಿಟ್ಟದ್ದನ್ನು ದಸರೆ ಮುಗಿಯುವವರೆಗೆ ಎತ್ತುವಂತಿಲ್ಲ. ಹಾಗೆಯೇ ಬಿಟ್ಟು ಊರಿನ ಬಸ್ಸು ಹತ್ತಿದೆ.

ಕನಕಗಿರಿ ದಾಟಿದಾಗ ತಟ್ಟನೆ ಹೊಳೆಯಿತು. ಹಬ್ಬ ಮುಗಿಯುವವರೆಗೆ ತೆರೆದೇ ಇರುವ ಆ ಪಡಸಾಲೆಗೆ ಪ್ರಸಾದಕ್ಕೆಂದು ಯಾರು ಬೇಕಾದರೂ ಬರುತ್ತಾರೆ. ನೀರಿಗಾಗಿ ಬಡಿದಾಡಿಕೊಂಡವರೂ ಬರುತ್ತಾರೆ. ಒಂದು ಪರದೆ ಇದ್ದದ್ದೂ ಅಲ್ಲೇ. ತಿರುಗಿ ಹೋದರೂ ಪೂಜೆಗಿಟ್ಟದ್ದನ್ನು ಎತ್ತುವಂತಿಲ್ಲ.

ಎರಡು ದಿನ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟೆ. ಬನ್ನಿ ಕೊಡುವಾಗ ಒಬ್ಬರಿಗೇ ಎರಡು ಸಲ ಕೊಟ್ಟೆ. "ಜ್ವರ ಬಂದಾವೇನ?" ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಮರುದಿನ ಮೊದಲ ಬಸ್ಸಿಗೆ ಓಡಿದೆ. ಚೀಟಿ ಅಲ್ಲೇ ಇತ್ತು. ಆದರೆ ಕುಂಕುಮದ ನಡುವೆ ಯಾರದೋ ಹೆಬ್ಬೆರಳು ಒತ್ತಿದ ಗುರುತು. ಮಡಚಿ ಲಕೋಟೆಯೊಳಗೆ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಟ್ರೇನಿಂಗಿನ ಸರ್ಟಿಫಿಕೇಟ್ ಹೋದಂತೆಯೇ. ಬೀರುವಿನ ಮುಂದೆ ಎಷ್ಟು ಹೊತ್ತು ನಿಂತೆನೋ. ಯಾವುದೋ ಊರಿನ ಸರದಿ ತಪ್ಪಿ ಪೈರು ಒಣಗಿದರೆ? ಕಾಲು ಎಳೆದುಕೊಂಡು ಸಾಹೇಬರ ಕೋಣೆಗೆ ಹೋದೆ.

"ಎಷ್ಟು ದಿನ ಇತ್ತು?"

"ಮೂರ ದಿನ ಆತ್ರಿ, ಸಾಹೇಬ್ರ."

ಅವರು ಬೈಯಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು. ಮೊದಲು ಮೂರೂ ಪರದೆಗಳ ವೈರು ಕೀಳಿಸಿದರು. ಪಾಸ್‌ವರ್ಡ್ ಬದಲಿಸಿದರು. ಬಳಿಕ ಹಬ್ಬಕ್ಕೆ ಮುಂಚಿನ ಸರದಿಯ ಕಾಗದದ ಪ್ರತಿ ಹಿಡಿದು ನಾನು ಒಂದೊಂದೇ ಸಾಲು ಓದಿದೆ, ಅವರು ಒಳಕೋಣೆಯ ಯಂತ್ರಕ್ಕೇ ಇದ್ದ ಪರದೆ ನೋಡಿದರು. ಸರಿಯಿದ್ದ ಪ್ರತಿ ಸಾಲಿಗೂ ಗುರುತು ಹಾಕುತ್ತಾ ಹೋದೆ. ಸಂಜೆಯಾಯಿತು. ಒಂದಕ್ಷರವೂ ಬದಲಾಗಿರಲಿಲ್ಲ. ಆ ಹೆಬ್ಬೆರಳು ಯಾರದೆಂದು ಇಂದಿಗೂ ಗೊತ್ತಿಲ್ಲ.

"ಹೊಸಾವನ್ನ ತಲ್ಯಾಗ ಇಟ್ಗೋರಿ" ಎಂದರು, ಅಷ್ಟೇ. ಸರ್ಟಿಫಿಕೇಟಿನ ಮಾತೆತ್ತಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಟ್ರೇನಿಂಗಿನ ಉಳಿದ ತಿಂಗಳುಗಳನ್ನು ಅಂಜುತ್ತಲೇ ಕಳೆದೆ. ಕೊನೆಯ ದಿನ ಅಪ್ಪ ಬಂದಿದ್ದ. ಸಾಹೇಬರು ಸಹಿ ಹಾಕಿ ಸರ್ಟಿಫಿಕೇಟನ್ನು ನನ್ನ ಕೈಗಿತ್ತರು. ಓದು ಬಾರದ ಅಪ್ಪ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಿನ್ನ ಹೆಸರು ಎಲ್ಲೈತವಾ? ಬೆರಳಿಟ್ಟು ತೋರ್ಸು. ಹೂಂ... ಈಗ ಜೋರ್ಲೆ ಓದು."