ಕೆರೆ ಏರಿಯ ಮೇಲೆ ಮಾವನ ಹಡಗು

ನನ್ನ ಸೋದರಮಾವ ನೌಕಾಪಡೆಯ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದವರು. ಯುದ್ಧದಲ್ಲಿ ಆ ಹಡಗು ಮುಳುಗಿತು. ಮಾವನನ್ನು ಸಮುದ್ರದಿಂದ ಎತ್ತಿದರು. ಜೊತೆಯವರಲ್ಲಿ ಬಹಳ ಮಂದಿ ಮರಳಲಿಲ್ಲ. ಈಗ ಜೆ.ಪಿ. ನಗರದಲ್ಲಿರುವ ಅವರು ಬೆಳಗ್ಗೆ ಹತ್ತಿರದ ಕೆರೆಯ ಸುತ್ತ ನಡೆಯುತ್ತಾರೆ. ಅಲ್ಲಿ ವಾಕಿಂಗ್ ಬರುವವರ ಸಂಘಕ್ಕೆ ಈ ಸುದ್ದಿ ಹೇಗೋ ತಿಳಿಯಿತು. ಅದು ಆ ಹಡಗಿಗೂ ಅದರ ಸಿಬ್ಬಂದಿಗೂ ಏರಿಯ ಮೇಲೊಂದು ಸ್ಮಾರಕ ಕಟ್ಟಲು ಹೊರಟಿತು.

ಮಾವ ಕೇಳಿದ್ದು ಇಷ್ಟೇ: "ನನ್ನ ಫೋಟೋ ಗೀಟೋ ಏನೂ ಬೇಡ. ವಾಪಸ್ ಬರದೇ ಇರೋರಿಗೆ ಒಂದು ಕಲ್ಲು ಇಡ್ಲಿ, ಸಾಕು."

ಇದನ್ನು ಸಂಘದವರಿಗೆ ಅರ್ಥ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಅಧ್ಯಕ್ಷರದು ಅಲ್ಲಿನ ಹಳೇ ಮನೆತನ. ಒಂದು ಕಾಲಕ್ಕೆ ಅವರ ಗದ್ದೆಗೆ ಇದೇ ಕೆರೆಯ ನೀರು. ಕೆಟ್ಟವರಲ್ಲ, ಆದರೆ ಇನ್ನೊಬ್ಬರ ಮಾತು ಅವರ ಕಿವಿಗೆ ಇಳಿಯುವುದಿಲ್ಲ. ಅವರು ತೋರಿಸಿದ ಸ್ಮಾರಕದ ಚಿತ್ರ ನೋಡಿ ನನಗೆ ತಲೆ ಕೆಟ್ಟಿತು.

"ಸಾರ್, ಇದು ಸಬ್‌ಮರೀನು. ಮಾವ ಇದ್ದದ್ದು ಹಡಗಲ್ಲಿ."

"ನೀರೊಳಗೆ ಹೋಯ್ತಲ್ಲ ಮೇಡಂ? ಎಲ್ಲಾ ಒಂದೇ."

ಮೊಬೈಲಿನಲ್ಲಿ ಹಡಗಿನ ಫೋಟೋ ಹುಡುಕಿ ಅವರ ಮುಂದೆ ಹಿಡಿದೆ. ಚಿತ್ರ ಬದಲಾಯಿತು. ಆಮೇಲೆ ಕಲ್ಲಿನ ಮೇಲೆ ದಾನಿಗಳ ಹೆಸರು ದೊಡ್ಡದಾಗಿ, ಹಡಗಿನ ಸಿಬ್ಬಂದಿಯ ಬಗ್ಗೆ ಒಂದು ಸಾಲು ಮೂಲೆಯಲ್ಲಿ. ಮತ್ತೆ ಜಗಳ. ಕೊನೆಗೆ ದಾನಿಗಳು ಕಲ್ಲಿನ ಹಿಂಬದಿಗೆ ಹೋದರು.

ಅನಾವರಣದ ದಿನ ಮಾವನ ಕೈ ಹಿಡಿದು ಗೇಟಿನ ಬಳಿ ಬಂದರೆ ಎದುರಿಗೇ ಫ್ಲೆಕ್ಸು. ಅದರಲ್ಲಿ ಮಾವನದೇ ಫೋಟೋ, ಸುತ್ತ ಹೂವಿನ ಹಾರ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ".

"ಅಯ್ಯೋ, ಪ್ರಿಂಟಿಂಗ್‌ನೋರು ಮಾಡಿರೋ ಎಡವಟ್ಟು ಅಂಕಲ್, ಸಾರಿ," ಎಂದರು ಅಧ್ಯಕ್ಷರು.

"ಬದುಕಿರೋ ಮನುಷ್ಯನಿಗೆ ಹಾರ ಹಾಕಿದೀರಲ್ರೀ! ಫಸ್ಟು ಇಳಿಸಿ ಅದನ್ನ!" ಎಂದು ಕೂಗಾಡಿದೆ. ವಾಕಿಂಗ್‌ಗೆ ಬಂದವರೆಲ್ಲ ನಿಂತು ನೋಡಿದರು. ಮಾವ ಮಾತ್ರ ಫೋಟೋವನ್ನೇ ದಿಟ್ಟಿಸಿ, "ಈ ಷರ್ಟು ಎಲ್ಲಿ ಹೋಯ್ತೇ?" ಎಂದು ನನ್ನನ್ನು ಕೇಳಿದರು.

ಮುಖ್ಯ ಅತಿಥಿಗಳ ಪತ್ತೆಯಿಲ್ಲ. ಬಿಸಿಲೇರಿತು, ಮೈಕಿನಲ್ಲಿ ಸಿನಿಮಾ ಹಾಡು. ಸಾಕಾಗಿ ಮಾವ ತಾವೇ ಎದ್ದು ಹೋಗಿ ಮೈಕ್ ಹಿಡಿದರು.

"ಹಡಗು ವಾಲ್ತಾ ಇತ್ತು. ಏಣಿ ಹತ್ರ ನನ್ನ ಹಿಂದೆ ಒಬ್ಬ ಇದ್ದ. ನನ್ನ ಕಾಲನ್ನ ಹೆಗಲ ಮೇಲೆ ಇಟ್ಕೊಂಡು ಮೇಲಕ್ಕೆ ತಳ್ಳಿದ. ನಾನು ತಿರುಗಿ ಕೈ ಕೊಡೋ ಅಷ್ಟರಲ್ಲಿ..."

ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿಸಿತು. ಸಂಘಕ್ಕೆ ಸಂಘವೇ ಗೇಟಿನತ್ತ ಓಡಿತು. ಯಾರೋ ಮಾವನ ಕೈಯಿಂದ ಮೈಕ್ ತೆಗೆದುಕೊಂಡು, "ಗಣ್ಯರಿಗೆ ಸ್ವಾಗತ!" ಎಂದು ಕೂಗಿದರು. ಪರದೆ ಸರಿಯಿತು, ಫೋಟೋ ಆಯಿತು, ಅತಿಥಿಗಳು ಬಂದಷ್ಟೇ ಬೇಗ ಹೊರಟರು, ಜನ ಉಪ್ಪಿಟ್ಟಿನ ಕಡೆ ನುಗ್ಗಿದರು. ನನಗೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

"ನಡೀರಿ ಮಾವ, ಮನೆಗೆ ಹೋಗೋಣ. ಇವರ ಸಹವಾಸವೇ ಬೇಡ."

"ಸುಮ್ನಿರೇ, ಕಿರುಚಬೇಡ. ನಂಗೆ ಹಸಿವು."

ನಾನು ಎರಡು ತಟ್ಟೆ ತರುವಷ್ಟರಲ್ಲಿ ಮಾವ ಸ್ಮಾರಕದ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಪರಿಚಯವಿಲ್ಲದ ಒಬ್ಬ ಹೆಂಗಸು. ನಡೆಯುತ್ತಿದ್ದವಳು ಮಾವನ ಮಾತು ಕೇಳಿ ನಿಂತಿದ್ದಳಂತೆ.

"ಅಂಕಲ್, ಕೈ ಕೊಡೋ ಅಷ್ಟರಲ್ಲಿ ಏನಾಯ್ತು?"

ಮಾವ ಹೇಳತೊಡಗಿದರು. ಇಷ್ಟು ವರ್ಷ ನಮಗೆ ಯಾರಿಗೂ ಹೇಳದ್ದು, ಮೇಲಕ್ಕೆ ತಳ್ಳಿದ ಆ ಗೆಳೆಯನ ಊರು, ಅವನ ನಗು, ನೀರು ನುಗ್ಗಿದ ಸದ್ದು. ನಾನು ತಟ್ಟೆ ಹಿಡಿದು ಬಿಸಿಲಲ್ಲೇ ನಿಂತೆ.