ಬೆಳ್ಳಿ ತಿಂದ ಪತ್ರಿ

ಆಗ ನಾನು ಆರನೇ ಇಯತ್ತೆ. ರಾಮದುರ್ಗದ ನಮ್ಮ ಮನೆಯ ಹಿತ್ತಲಿಗೆ ಒಂದು ಬಿಳಿ ಮೊಲ ಬಂದಿತ್ತು. ಆ ಮಳೆಗಾಲವೆಲ್ಲ ನನ್ನ ಕೈಗೆ ಹಸಿ ಸೊಪ್ಪಿನ ವಾಸನೆ. ಮೊಲಕ್ಕೆ ಬೆಳ್ಳಿ ಎಂದು ಹೆಸರಿಟ್ಟೆ. ಕೊಟ್ಟವಳು ಗೆಳತಿ ಶೋಭಾ. ಅವರ ಮನೆಯಲ್ಲಿ ಆಡು, ಮೊಲ ಸಾಕುತ್ತಿದ್ದರು. ಅವಳು ಹೇಳಿದ್ದನ್ನು ವಹಿಯಲ್ಲಿ ಗೆರೆ ಹೊಡೆದು ಬರೆದುಕೊಂಡೆ. ಹಾಕಬಹುದಾದ್ದು: ಗರಿಕೆ, ಹತ್ತರಕಿ, ಹೊನಗೊನೆ, ನುಗ್ಗೆ ಸೊಪ್ಪು. ಹಾಕಬಾರದ್ದು: ಎಕ್ಕೆ, ಔಡಲ, ಕಣಗಿಲೆ. ದಿನಾ ಸಂಜೆ ತಾರೀಖು ಹಾಕಿ, ಎಷ್ಟು ಹಿಡಿ ಹಾಕಿದೆ, ಎಷ್ಟು ಉಳಿಯಿತು ಎಂದು ಬರೆಯುತ್ತಿದ್ದೆ.

“ಏ, ಮೊಲಾ ಹಸದ್ರ ತಿಂತೈತಿ. ನಿನ್ನ ವಹಿ ನೋಡಿ ತಿಂತೈತೇನ?” ಎಂದು ಶೋಭಾ ನಗುತ್ತಿದ್ದಳು. ಕಣಗಿಲೆಯ ಮಾತಿಗೆ ಮಾತ್ರ ನಗಲಿಲ್ಲ. “ಅದನ್ನ ತಿಂದ ನಮ್ಮ ಆಡು ಸತ್ತೈತಿ. ದಪ್ಪ ಅಕ್ಷರದಾಗ ಬರಿ.”

ಬರೆದಿದ್ದೆ.

ನಡುವೆ ಬೆಳ್ಳಿಯನ್ನು ಎರಡು ದಿನ ಶೋಭಾಳ ಮನೆಯ ಗಂಡು ಮೊಲದ ಜೊತೆ ಬಿಟ್ಟಿದ್ದೆವು. ಚೌತಿಗೆ ಎಂಟು ದಿನ ಮುಂಚೆ ಅದು ತನ್ನ ತುಪ್ಪಳವನ್ನೇ ಕಿತ್ತು ಹಾಸಿ ಐದು ಮರಿ ಹಾಕಿತು. ಬೆರಳುದ್ದದ, ಕಣ್ಣು ಬಿಡದ ಮರಿಗಳು.

ಚೌತಿಯ ಪೂಜೆಗೆ ಅಜ್ಜನಿಗೆ ಇಪ್ಪತ್ತೊಂದು ಬಗೆಯ ಪತ್ರಿ ಬೇಕು. ಎಣಿಸಿ ತರುವ ಕೆಲಸ ನನ್ನದು. ಅದರಲ್ಲಿ ಕಣಗಿಲೆಯೂ ಒಂದು. ಬೇಲಿಯಿಂದ ಹನ್ನೊಂದು ಎಲೆ ನಾನೇ ಕಿತ್ತೆ. ದೇವರಿಗೆ ಏರಿಸಿದ ಪತ್ರಿ ಕಾಲಿಗೆ ಸಿಗಬಾರದೆಂದು ಪ್ರತಿವರ್ಷ ಮಲಪ್ರಭೆಗೆ ಬಿಡುತ್ತಿದ್ದೆವು. ಆ ವರ್ಷ ಹೊಳೆ ತುಂಬಿತ್ತು. ಪೂಜೆಯ ಮರುದಿನ ಅಜ್ಜ ಗಣಪತಿಯನ್ನು ಮನೆಯಲ್ಲೇ ಬಕೆಟ್ಟಿನ ನೀರಿಗೆ ಬಿಟ್ಟು, ಪತ್ರಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ.

“ಮೊಲಕ್ಕ ಹಾಕು. ಅದರ ಹೊಟ್ಟಿಗೆ ಹೋದ್ರ ಹೊಳಿಗೆ ಹೋದಂಗ.”

“ಅಜ್ಜಾ, ಇದರಾಗ ಕಣಗಿಲ ಅದ. ಶೋಭಾ ಬ್ಯಾಡ ಅಂದಾಳ.”

“ದೇವರ ಮ್ಯಾಲಿಂದ ಇಳಿದದ್ದಕ್ಕ ವಿಷ ಎಲ್ಲಿಂದ ಬಂತು? ಆಡು ಕಾಯೋ ಹುಡುಗಿ ನನಗಿಂತ ಶಾಣ್ಯಾಕಿ ಆದ್ಲೇನು?”

ಅಜ್ಜನ ಮಾತು ಸುಳ್ಳಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹನ್ನೊಂದು ಎಲೆ ಆರಿಸಿ ತೆಗೆಯಲು ಎರಡು ನಿಮಿಷ ಸಾಕಿತ್ತು. ತೆಗೆಯಲಿಲ್ಲ. ಬಾಣಂತಿ ಬೆಳ್ಳಿಗೆ ವಿಪರೀತ ಹಸಿವು; ಗರಿಕೆಯ ಜೊತೆ ಸಿಕ್ಕಿದ್ದನ್ನೆಲ್ಲ ಕಚಕಚ ತಿಂದಿತು.

ಮಧ್ಯಾಹ್ನ ಅದರ ಬಾಯಲ್ಲಿ ಜೊಲ್ಲು. ಹಿಂಗಾಲು ಎಳೆಯುತ್ತಿತ್ತು. ದೀಪ ಹಚ್ಚುವುದರೊಳಗೆ ಸತ್ತಿತು. ಪಂಜರದಲ್ಲಿ ಉಳಿದ ಕಣಗಿಲೆ ಎಲೆ ಎಣಿಸಿದೆ: ನಾಲ್ಕು.

ಸುದ್ದಿ ತಿಳಿದು ಶೋಭಾ ಓಡಿ ಬಂದಳು. “ಅಜ್ಜ ಹಾಕು ಅಂದ” ಎಂದೆ.

“ನಿಮ್ಮಜ್ಜಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು.”

ಅವಳ ಮನೆಯಲ್ಲಿ ಹಾಲೂಡುವ ಬೇರೆ ಮೊಲ ಇರಲಿಲ್ಲ. ಆಡಿನ ಹಾಲು ತಂದಳು. ಅಜ್ಜ ಅರಳೆಯ ಬತ್ತಿ ಹೊಸೆದು ಕೊಟ್ಟ. ಅದನ್ನು ಹಾಲಿಗೆ ಅದ್ದಿ ಮರಿಗಳ ಬಾಯಿಗೆ ಹಿಡಿದೆವು. ವಹಿಯಲ್ಲಿ ಸೊಪ್ಪಿನ ಬದಲು ಮರಿಗಳ ಲೆಕ್ಕ ಶುರುವಾಯಿತು: ಮೊದಲ ದಿನ ಐದು, ಎರಡನೇ ದಿನ ಮೂರು, ಮೂರನೇ ದಿನ ಒಂದು. ನಾಲ್ಕನೇ ದಿನ ಬರೆಯಲು ಏನೂ ಇರಲಿಲ್ಲ. ಎಲ್ಲವನ್ನೂ ಹಿತ್ತಲಲ್ಲಿ ಹುಗಿದವನು ಅಜ್ಜನೇ. ತಪ್ಪಾಯಿತು ಎಂದು ಅವನು ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಈಗ ಕಾಲೇಜಿಗೆ ಹೋಗುತ್ತೇನೆ. ಅಜ್ಜನ ಪೂಜೆ ನಿಂತಿಲ್ಲ. ಬೆಳ್ಳಿ ಸಾಯುವ ಮೊದಲು ಅವನು “ಕೈ ಒಡ್ಡು” ಎಂದರೆ ಏನು ಕೊಟ್ಟ ಎಂದೂ ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಈಗ ಅಂಗೈಯ ಪ್ರಸಾದವನ್ನು ಬೆರಳಿನಿಂದ ಬಿಡಿಸಿ ನೋಡಿ ತಿನ್ನುತ್ತೇನೆ. ನಾನು ತಿಂದು ಮುಗಿಸುವವರೆಗೆ ಅಜ್ಜ ಬೇರೆ ಕಡೆ ನೋಡುತ್ತಿರುತ್ತಾನೆ.